ಬೆಂಕಿಕೈ

ಜೂನ್ 3, ಬೆಳಿಗ್ಗೆ 6.10

ನೀರು ಬಂತು. ಎರಡು ಕೊಡ ಹಿಡಿದೆ, ಮೂರನೆಯದಕ್ಕೆ ನಿಂತಿತು. ತಮ್ಮ ಇನ್ನೂ ಎದ್ದಿಲ್ಲ. ಅವನ ಹೆಂಡತಿ ಒಲೆಯ ಮುಂದೆ. ಪುಟ್ಟಿ ನನ್ನ ಹಾಸಿಗೆಯಲ್ಲಿ ಅಡ್ಡಡ್ಡ. ತಮ್ಮನ ಏಳು ವರ್ಷದ ಮಗಳು ಇಡೀ ಹಾಸಿಗೆ ಆಳುತ್ತಾಳೆ, ಅತ್ತೆಯಾದ ನಾನು ಅಂಚಿನಲ್ಲಿ. ಒಂದು ಕೋಣೆ, ನಾಲ್ಕು ಜನ. ಒಬ್ಬರು ಮಗ್ಗುಲು ಬದಲಿಸಿದರೆ ಮಿಕ್ಕವರೂ ಬದಲಿಸಬೇಕು.

ಏಳಕ್ಕೆ ಲಾಂಡ್ರಿ. ಇವತ್ತು ಹೋಟೆಲಿನ ಹಾಸಿಗೆ ಬಟ್ಟೆ ಬರುವ ದಿನ. ಹೊಸಬಳೊಬ್ಬಳು ಸೇರುತ್ತಾಳಂತೆ, ಇಸ್ತ್ರಿ ನಾನೇ ಕಲಿಸಬೇಕಂತೆ. "ನಿನ್ ಕೈಲಿರೋದನ್ನ ಅವಳಿಗೂ ಸ್ವಲ್ಪ ದಾಟಿಸಮ್ಮ" ಎಂದಿದ್ದಾನೆ ಯಜಮಾನ. ಹೇಳಿದಷ್ಟು ಸಲೀಸೇ...

ಜೂನ್ 3, ಸಂಜೆ

ಹೊಸಬಳಿಗೆ ಐವತ್ತಾಗಿರಬೇಕು. ಸೋಡಾಬುಡ್ಡಿ ಕನ್ನಡಕ. ಆವಿ ಏರಿದರೆ ಏನೂ ಕಾಣದು — ತೆಗೆಯುವುದು, ಒರೆಸುವುದು, ಹಾಕುವುದು. ಹೆಸರು ಕೇಳುವ ಮೊದಲೇ ಕನ್ನಡಕದಮ್ಮ ಆಗಿಬಿಟ್ಟಳು. ನಮ್ಮಲ್ಲಿ ಹಾಗೇ. ನನ್ನ ಹೆಸರೂ ಅಲ್ಲಿ ಯಾರಿಗೂ ನೆನಪಿಲ್ಲ. ನಾನು ಬೆಂಕಿಕೈ.

ಬಿರುದು ಸುಮ್ಮನೆ ಬಂದದ್ದಲ್ಲ. ನಮ್ಮ ಇಸ್ತ್ರಿ ಪೆಟ್ಟಿಗೆಗಳಲ್ಲಿ ಬಿಸಿ ಏರಿಸಿ ಇಳಿಸುವ ಗುಂಡಿ ಕೆಟ್ಟು ಯಾವ ಕಾಲವಾಯಿತೋ. ಎಷ್ಟು ಕಾದಿದೆ ಎಂದು ಬೆರಳೇ ಹೇಳಬೇಕು. ಬೇರೆಯವರು ಬೆರಳಿಗೆ ಎಂಜಲು ಸವರಿ, ಚುರ್ ಅನ್ನಿಸಿ, ಪಟಕ್ಕನೆ ಎಳೆದುಕೊಳ್ಳುತ್ತಾರೆ. ನಾನು ಒಣ ಬೆರಳನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ ಎಣಿಸುತ್ತೇನೆ. ಎರಡಕ್ಕೆ ಬೆಚ್ಚಗಾದರೆ ಹತ್ತಿಬಟ್ಟೆಗೆ ಸರಿ. ನಾಲ್ಕಕ್ಕಾದರೆ ರೇಷ್ಮೆಗೆ. ಎರಡು ವರ್ಷದಲ್ಲಿ ಒಂದು ಸೀರೆ ಸುಟ್ಟಿಲ್ಲ. ಮೊದಮೊದಲು ನನಗೂ ಸುಡುತ್ತಿತ್ತು. ಅಭ್ಯಾಸವಾದರೆ ಚರ್ಮ ಹೇಳಿದ ಮಾತು ಕೇಳುತ್ತದೆ. ಯಜಮಾನ ಗಿರಾಕಿಗಳನ್ನು ಒಳಗೆ ಕರೆದು ತೋರಿಸುತ್ತಾನೆ. ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು. ಗಂಡ ಬಿಟ್ಟುಹೋಗಿ ಎಂಟು ವರ್ಷ, ತಮ್ಮನ ಮನೆಯ ಮೂಲೆಯಲ್ಲಿ ಬದುಕು — ಈ ಒಂದು ವಿದ್ಯೆ ನನ್ನದು.

ಜೂನ್ 5

ಕನ್ನಡಕದಮ್ಮ ಬೆರಳು ಸುಟ್ಟುಕೊಂಡಳು. ಸುಮ್ಮನೆ ಸುಟ್ಟುಕೊಂಡದ್ದಲ್ಲ. ಎರಡು ಬೆರಳ ಚರ್ಮ ಪೆಟ್ಟಿಗೆಗೆ ಅಂಟಿ ಬಂತು.

"ಎರಡು ಎಣಿಸೋ ತನಕ ಇಟ್ಕೋ ಅಂದೆ. ನೀನೆಷ್ಟು ಎಣಿಸಿದ್ಯೋ" ಎಂದೆ. ಸಿಟ್ಟು ಬಂದಿತ್ತು.

"ನೀನಿಟ್ಟಷ್ಟೇ ಕಣೆ ನಾನೂ ಇಟ್ಟಿದ್ದು." ಅಳುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಂಗೆ ಸುಡೋದೇ ಇಲ್ವಾ?"

ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಅದು ತೆಗೆಯುವುದು ಹತ್ತಕ್ಕೆ, ಮುಚ್ಚುವುದು ಒಂದಕ್ಕೆ. ನಮ್ಮ ಕೆಲಸ ಏಳರಿಂದ ಐದು. ಅರ್ಧ ದಿನದ ಕೂಲಿ ಬಿಡುವವರಿಗೆ ಮಾತ್ರ ಕಾಯಿಲೆ ಬರಬೇಕು ಅಂತ ಆ ಟೈಮ್ ಇಟ್ಟಿರಬೇಕು. ಲಾಂಡ್ರಿಗೆ ಸೇರಿದ ಆರು ವರ್ಷದಲ್ಲಿ ಒಳಗೆ ಕಾಲಿಟ್ಟದ್ದು ಇದೇ ಮೊದಲು.

ನರ್ಸು ಅವಳ ಕೈಗೆ ಬಟ್ಟೆ ಸುತ್ತಿ ಹೊರಗಿನ ಬೆಂಚಿಗೆ ಕಳಿಸಿದರು. ಔಷಧದ ಬಾಟಲಿ ನನ್ನ ಕೈಯಲ್ಲಿತ್ತು. ಅದನ್ನು ತೆಗೆದುಕೊಳ್ಳುವಾಗ ನನ್ನ ಕಿರುಬೆರಳು ಹಿಡಿದುಕೊಂಡರು.

"ಇದು ಯಾವಾಗ ಸುಟ್ಟಿದ್ದು?"

"ಸುಟ್ಟಿಲ್ಲ."

"ಬೊಬ್ಬೆ ಒಡೆದು ಕೀವಾಗಿದೆ ನೋಡಿ."

ನೋಡಿದೆ. ಆಗಿತ್ತು. ಮೊಣಕೈಯಿಂದ ಕೆಳಗೆ ತಿರುಗಿಸಿದರು. ಅಲ್ಲೊಂದು ಬಿಳಿಚಿದ ಮಚ್ಚೆ ಇದೆ, ಆವಿಗೆ ಬಂದದ್ದು ಎಂದೇ ನಾನು ತಿಳಿದದ್ದು. ನರ್ಸು ಹತ್ತಿಯನ್ನು ಎಳೆ ಮಾಡಿಕೊಂಡರು. ಕಣ್ಣು ಮುಚ್ಚಿಸಿದರು. ಮುಟ್ಟಿದಾಗ ಹೇಳಿ ಎಂದರು. ಕಾದೆ. ಹೊರಗೆ ಯಾವುದೋ ಮಗು ಕೆಮ್ಮುತ್ತಿತ್ತು. ಇನ್ನೂ ಕಾದೆ.

"ಶುರು ಮಾಡಿ ಸಿಸ್ಟರ್, ಲೇಟಾಗುತ್ತೆ."

"ಐದು ಸಲ ಮುಟ್ಟಾಯ್ತಮ್ಮ."

ನಾಳೆ ಗುರುವಾರ. ದೊಡ್ಡ ಡಾಕ್ಟರು ಬರುತ್ತಾರಂತೆ. ನಾನೂ ಬರಬೇಕಂತೆ.

ಜೂನ್ 6

ಕುಷ್ಠ.

ಬರೆದು ನೋಡಿದೆ. ಒಂದೇ ಪದ. ಹೊಡೆದು ಹಾಕಬೇಕೆನ್ನಿಸಿತು, ಹಾಕಲಿಲ್ಲ.

ಡಾಕ್ಟರು ಹುಡುಗನಂತಿದ್ದಾರೆ. ಮೃದು ಮಾತು. ವಾಸಿಯಾಗುತ್ತದೆ, ಒಂದು ವರ್ಷ ಮಾತ್ರೆ, ಪುಕ್ಕಟೆ. ತಿಂಗಳಿಗೊಮ್ಮೆ ಇಲ್ಲಿ ಬಂದು ಅವರೆದುರೇ ಒಂದು ಡೋಸ್ ನುಂಗಬೇಕು, ಮಿಕ್ಕದ್ದು ಮನೆಯಲ್ಲಿ. ಮೊದಲ ಡೋಸ್ ಹೊಟ್ಟೆಗೆ ಬಿದ್ದ ಮೇಲೆ ಬೇರೆಯವರಿಗೆ ಹರಡುವುದು ನಿಂತ ಹಾಗೇ. ಆದರೆ ಬೆರಳಿನಲ್ಲಿ ಹೋದ ಸ್ಪರ್ಶ ಪೂರ್ತಿ ಬರಲಿಕ್ಕಿಲ್ಲ.

"ಎರಡು ವರ್ಷ ಮೊದಲೇ ಬಂದಿದ್ರೆ ಚೆನ್ನಾಗಿತ್ತು" ಎಂದರು.

ಎರಡು ವರ್ಷ ಮೊದಲು ನನಗೆ ಬಿರುದು ಕೊಟ್ಟಿದ್ದರು ಸಾರ್, ಆ ಸಡಗರದಲ್ಲಿದ್ದೆ. ಹೀಗೆ ಹೇಳಲಿಲ್ಲ. ನಗು ಬಂದುಬಿಟ್ಟಿತು, ಅವರು ಹೆದರಿದರು. ವಿದ್ಯೆಯಂತೆ, ಅಭ್ಯಾಸವಂತೆ. ಸತ್ತ ಬೆರಳನ್ನು ಮೆರೆಸಿಕೊಂಡು ತಿರುಗಿದೆ. ಅದನ್ನೇ ಇನ್ನೊಬ್ಬಳಿಗೆ ಕಲಿಸಲು ಹೋಗಿ ಅವಳ ಕೈ ಸುಟ್ಟೆ.

ಆಮೇಲೆ ಕಾರ್ಡು ತುಂಬಿಸುವಾಗ ಕೇಳಿದರು — ಮನೆಯಲ್ಲಿ ಯಾರ್ಯಾರಿದ್ದಾರೆ? ಎಲ್ಲರನ್ನೂ ಒಮ್ಮೆ ಪರೀಕ್ಷೆ ಮಾಡಬೇಕು. ಆರೋಗ್ಯ ಕಾರ್ಯಕರ್ತೆ ಮನೆಗೇ ಬರುತ್ತಾಳೆ.

ಮನೆಗೆ. ಕೈಯಲ್ಲಿ ಚೀಲ, ಚೀಲದ ಮೇಲೆ ದೊಡ್ಡಕ್ಷರದಲ್ಲಿ ಕಾಯಿಲೆಯ ಹೆಸರು. ಬಾಡಿಗೆ ಪಡೆಯುವ ಮೇಲಿನ ಮಹಡಿಯ ಮನೆಯಾಕೆ ಕಟಕಟೆಯಿಂದ ಬಗ್ಗಿ ಕೇಳುತ್ತಾಳೆ, ಯಾರಿಗಮ್ಮ ಬಂದಿದ್ದು ಅಂತ. ಹಿಂದಿನ ಕೋಣೆಯ ದರ್ಜಿಗೆ ಕ್ಷಯ ಎಂದು ಗೊತ್ತಾದ ದಿನವೇ ಅವನ ಮಿಷನ್ನು ಬೀದಿಯಲ್ಲಿತ್ತು. ಮಾರನೇ ದಿನ ಆ ಕೋಣೆಗೆ ಸುಣ್ಣ.

"ಒಬ್ಬಳೇ ಇರೋದು" ಎಂದೆ.

ಬರೆದುಕೊಂಡರು. 'ಒಬ್ಬರೇ.'

ಜೂನ್ 7, ಬೆಳಿಗ್ಗೆ

ಮೂತ್ರ ಕೆಂಪು! ಆಮೇಲೆ ನೆನಪಾಯಿತು, ನರ್ಸು ಹೇಳಿದ್ದರು, ಮಾತ್ರೆಯ ಬಣ್ಣ. ವಠಾರಕ್ಕೆಲ್ಲ ಒಂದೇ ಕಕ್ಕಸು, ಹೊರಗೆ ಕ್ಯೂ, ಮನೆಯಾಕೆಯೇ ಮೊದಲು ನಿಂತಿದ್ದಾಳೆ. ಎರಡು ಬಕೆಟ್ ನೀರು ಸುರಿದೆ. ಅಷ್ಟು ನೀರು ಯಾಕಮ್ಮ ಎಂದು ಕೇಳಿದಳು. ಹೊಟ್ಟೆ ಕೆಟ್ಟಿದೆ ಎಂದೆ. ಮೂಗು ಮುರಿದಳು. ಆ ಮುರಿದ ಮೂಗಿಗೆ ಇವತ್ತು ಕೈ ಮುಗಿಯಬೇಕು ಅನ್ನಿಸಿತು.

ಮಾತ್ರೆಗಳನ್ನು ಲಾಂಡ್ರಿಯ ಗಂಜಿಪುಡಿ ಡಬ್ಬದಲ್ಲಿ ಇಟ್ಟಿದ್ದೇನೆ. ಗಂಜಿ ಹಾಕುವುದು ನಾನೊಬ್ಬಳೇ.

ಜೂನ್ 10

ಕೂತಲ್ಲಿ ಕೂರಲಾಗುವುದಿಲ್ಲ. ಪುಟ್ಟಿ ಮೈಗೆ ಅಂಟಿಕೊಂಡೇ ಮಲಗುತ್ತಾಳೆ. ದೂರ ತಳ್ಳಿದೆ. "ಯಾಕತ್ತೆ?" ಸೆಕೆ ಎಂದೆ. "ನಂಗೆ ಸೆಕೆ ಇಲ್ಲ" ಎಂದು ಮತ್ತೆ ಬಂದಳು. ಹರಡುವುದು ನಿಂತಿದೆ, ಡಾಕ್ಟರು ಹೇಳಿದ್ದಾರೆ. ಸರಿ. ಅದಕ್ಕೆ ಹಿಂದಿನ ಎರಡು ವರ್ಷ?

ಒಂದು ಆಟ ಕಟ್ಟಿದೆ. ಅವಳು ಕಣ್ಣು ಮುಚ್ಚಬೇಕು, ನಾನು ದಾರದ ಎಳೆಯಿಂದ ಮುಟ್ಟುತ್ತೇನೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕು. ಕೈ, ಕಾಲು, ಬೆನ್ನು, ಕೆನ್ನೆ. ಎಲ್ಲ ಸರಿ ಹೇಳಿದಳು. ಕಿಲಕಿಲ ನಗು. ನಾನು ಗೋಡೆಯ ಕಡೆ ತಿರುಗಿ ಉಸಿರು ಬಿಟ್ಟೆ.

ಜೂನ್ 19

ಯಜಮಾನ ಹೋಟೆಲಿನ ಮ್ಯಾನೇಜರನ್ನು ಕರೆತಂದ. "ಬೆಂಕಿಕೈ, ಸಾಹೇಬರಿಗೆ ಒಂದ್ಸಲ ತೋರಿಸಮ್ಮ." ನೀರು ಚಿಮುಕಿಸಿ ನೋಡುತ್ತೇನೆ ಈಗೆಲ್ಲ, ಬೆರಳು ಇಡುವುದಿಲ್ಲ, ಎಂದೆ. "ಯಾಕೆ, ವಿದ್ಯೆ ಮರೆತೋಯ್ತಾ?" ನಗುತ್ತಲೇ ಕೇಳಿದ. ಕಣ್ಣು ನಗಲಿಲ್ಲ.

ಇಟ್ಟೆ. ಎಣಿಸಿದೆ. ಮ್ಯಾನೇಜರು ಚಪ್ಪಾಳೆ ತಟ್ಟಿದ.

ಮಧ್ಯಾಹ್ನ ಬೆರಳನ್ನು ಕಣ್ಣಿನಿಂದ ನೋಡಿ ತಿಳಿದುಕೊಂಡೆ, ಬೊಬ್ಬೆ ಬಂದಿದೆ ಎಂದು. ನನ್ನ ಮೈಯ ಸುದ್ದಿ ನನಗೆ ಬೇರೆಯವರ ಸುದ್ದಿಯ ಹಾಗೆ ಬರುತ್ತದೆ. ಅವನ ಮೇಲೆ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಜುಲೈ 4

ಎರಡನೇ ಪ್ಯಾಕೆಟ್. ಹೊಟ್ಟೆನೋವೆಂದು ರಜೆ ಹಾಕಿದೆ. ನರ್ಸು ಕೇಳಿದರು, "ನಿಜವಾಗ್ಲೂ ಒಬ್ಬರೇನಾ ಇರೋದು?" ಹೌದೆಂದೆ. ನನ್ನ ಚೀಲದಿಂದ ಪುಟ್ಟಿಯ ಕೆಂಪು ರಿಬ್ಬನ್ನು ಇಣುಕುತ್ತಿತ್ತು, ಒಳಗೆ ತುರುಕಿದೆ. ನೋಡಿದರೋ ಏನೋ.

ಜುಲೈ 13

ಕಪ್ಪಗಾಗುತ್ತಿದ್ದೇನೆ. ಇದೂ ಮಾತ್ರೆಯದೇ. "ಏನತ್ತಿಗೆ, ಬಿಸಿಲಲ್ಲಿ ಅಲೆದಾಟ ಜಾಸ್ತಿಯಾಯ್ತಾ?" ಎಂದಳು ತಮ್ಮನ ಹೆಂಡತಿ. ಇಸ್ತ್ರಿ ಕೋಣೆಯಲ್ಲಿ ಎಲ್ಲಿಯ ಬಿಸಿಲು. ಲಾಂಡ್ರಿಯಲ್ಲೂ ಇಬ್ಬರು ಕೇಳಿದರು. ಮೇಲಿನಾಕೆ ದಿಟ್ಟಿಸಿ ನೋಡಿದಳು, ಕೇಳಲಿಲ್ಲ. ಕೇಳದೆ ಇರುವವರ ಭಯವೇ ಹೆಚ್ಚು.

ಇವತ್ತು ಮಾತ್ರೆ ತಿನ್ನಲಿಲ್ಲ. ಒಂದು ವಾರ ಬಿಟ್ಟು ನೋಡೋಣ.

ಆಗಸ್ಟ್ 9

ನಾಲ್ಕು ವಾರ ತಿಂದಿಲ್ಲ. ಬರೆದೂ ಇಲ್ಲ. ಬರೆದರೆ ನನಗೇ ಗೊತ್ತಾಗಿಬಿಡುತ್ತದಲ್ಲ. ಮೊದಲನೇ ತಾರೀಕು ದವಾಖಾನೆಗೆ ಹೋಗಬೇಕಿತ್ತು, ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋದೆ.

ಇವತ್ತು ಕನ್ನಡಕದಮ್ಮ ಗಂಜಿ ಕಲಸಲು ಹೋಗಿ ಡಬ್ಬದ ತಳದಿಂದ ಪ್ಯಾಕೆಟ್ ತೆಗೆದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಇದು ನಂಗೊತ್ತು" ಎಂದಳು, ಮೆಲ್ಲಗೆ. "ನಮ್ಮಣ್ಣ ತಗೊಂಡಿದ್ದ. ಈಗ ಲಾರಿ ಓಡಿಸ್ತಾನೆ, ಮೂರು ಮಕ್ಕಳು. ಅವತ್ತು ನನ್ ಬೆರಳು ಸುಟ್ಟಾಗ್ಲೇ ಅನುಮಾನ ಬಂದಿತ್ತು. ಯಾಕ್ ಇಷ್ಟು ಉಳ್ದಿದೆ? ನಡುವೆ ಬಿಟ್ಯಾ?"

ಬಿಟ್ಟೆ ಎಂದೆ.

"ಮುಖ ಬೆಳ್ಳಗೆ ಮಾಡ್ಕೊಂಡು ಯಾರ್ ಮದುವೆಗೆ ಹೋಗ್ಬೇಕಿತ್ತು ನೀನು? ಬೆರಳು ಮಡಚ್ಕೊಂಡ್ ಬಿಟ್ರೆ ಪೆಟ್ಟಿಗೆ ಹಿಡಿಯೋದ್ ಹೇಗೆ?"

ಎರಡು ತಿಂಗಳಲ್ಲಿ ಒಬ್ಬರಾದರೂ ನನ್ನನ್ನು ಬೈದರಲ್ಲ. ಅಲ್ಲೇ ಅತ್ತುಬಿಟ್ಟೆ. ಯಾರಿಗೂ ಹೇಳುವುದಿಲ್ಲ ಎಂದಳು, ಹೇಳಲಿಕ್ಕಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಅವಳ ಡಬ್ಬಿ ದಿನಕ್ಕಿಂತ ಒಂದು ಮೊಳ ಆಚೆ ಇತ್ತು. ಅವಳಿಗೇ ಗೊತ್ತಾಗದೆ ಇಟ್ಟಿರಬೇಕು. ಬಾಯಿ ಒಳ್ಳೆಯದು, ಡಬ್ಬಿ ದೂರ.

ಆಗಸ್ಟ್ 10

ದವಾಖಾನೆ. ನರ್ಸು ಬೈದರು, ಮತ್ತೆ ಶುರು ಮಾಡಿಸಿದರು. ನುಂಗಿದೆ.

ಆಗಸ್ಟ್ 12

ಪುಟ್ಟಿ ತಪ್ಪು ಹೇಳಿದಳು.

ಎಡ ತೋಳಿನ ಹಿಂಭಾಗ ಮುಟ್ಟಿದೆ. "ಮೂಗು" ಎಂದಳು. ಇನ್ನೊಮ್ಮೆ. "ಕಾಲು." ನಗುತ್ತಿದ್ದಳು. ಆಟ ಅವಳಿಗೆ ಹಳೆಯದಾಗಿದೆ, ಈಗ ಬೇಕೆಂದೇ ತಪ್ಪು ಹೇಳುವುದೇ ಆಟ. ಸರಿಯಾಗಿ ಹೇಳೇ ಎಂದು ಗದರಿದೆ. "ಹಾಗಾದ್ರೆ ಮುಟ್ಟು" ಎಂದಳು.

ಮುಟ್ಟೇ ಇದ್ದೆ.

ದೀಪದ ಕೆಳಗೆ ತೋಳು ತಿರುಗಿಸಿ ನೋಡಿದೆ. ಇದೆಯೋ ಇಲ್ಲವೋ ಎನ್ನುವಂಥ ಮಾಸಲು ಮಚ್ಚೆ, ಬೆರಳಿನ ಉಗುರಿನಷ್ಟು. ಮಣ್ಣಾಡಿದ್ದಿರಬಹುದು. ಹುಳಕಡ್ಡಿ ಇರಬಹುದು. ಒರೆಸಿದೆ. ಹೋಗಲಿಲ್ಲ.

ಆಗಸ್ಟ್ 13

ಮತ್ತೆ ಆಡಿಸಿದೆ. ಮೂರರಲ್ಲಿ ಎರಡು ತಪ್ಪು. ನಟನೆಯೇ? ನಿಜವೇ? ಮಗುವಿನ ಮುಖ ನೋಡಿ ಏನೂ ತಿಳಿಯುವುದಿಲ್ಲ. ಅಮ್ಮನ ಜೊತೆಗೂ ಆಡುತ್ತೇನೆ ಎಂದು ಓಡಿದಳು, ತಡೆದೆ. ತಮ್ಮನ ಹೆಂಡತಿ ತಲೆಯೆತ್ತಿ ನೋಡಿದಳು. "ಅದೇನತ್ತಿಗೆ ದಿನಾ ಅದೇ ಆಟ?"

ಲಾಂಡ್ರಿಯಲ್ಲಿ ಒಂದು ಶರ್ಟ್ ಸುಟ್ಟೆ. ಎರಡು ವರ್ಷದಲ್ಲಿ ಮೊದಲನೆಯದು. ಯಜಮಾನ ಕೂಗಾಡಿದ, ಕಿವಿಗೆ ಬೀಳಲಿಲ್ಲ.

ಹೇಳಿದರೆ ಮನೆ ಹೋಗುತ್ತದೆ, ಪುಟ್ಟಿ ಹೋಗುತ್ತಾಳೆ. ಹೇಳದಿದ್ದರೆ ಪುಟ್ಟಿಯ ಕೈ. ತಕ್ಕಡಿ ಇಷ್ಟು ನೇರವಾಗಿದೆ, ಆದರೂ ನಿನ್ನೆಯಿಂದ ಹಿಡಿದುಕೊಂಡು ನಿಂತಿದ್ದೇನೆ. ನಾಚಿಕೆಯಾಗಬೇಕು ನನಗೆ.

ಆಗಸ್ಟ್ 16

ಅರ್ಧ ದಿನದ ಕೂಲಿ ಬಿಟ್ಟು, ಪುಟ್ಟಿಯನ್ನು ಶಾಲೆಯ ನಡುವೆಯೇ ದವಾಖಾನೆಗೆ ಕರೆದುಕೊಂಡು ಹೋದೆ. ನರ್ಸು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. "ಕಾರ್ಡಲ್ಲಿ ಒಬ್ಬರೇ ಅಂತಿದೆಯಲ್ಲಮ್ಮ" ಎಂದಷ್ಟೇ ಹೇಳಿದರು. ತಿದ್ದಿ ಎಂದೆ. ನಾಲ್ಕು ಜನ.

ಹತ್ತಿಯ ಎಳೆ ತೆಗೆದಾಗ ಪುಟ್ಟಿಗೆ ಖುಷಿ — "ಈ ಆಟ ನಂಗೊತ್ತು!" ನರ್ಸು ಬುದ್ಧಿವಂತೆ. ಸರಿ ಹೇಳಿದರೆ ಪೆನ್ಸಿಲ್ ಕೊಡುತ್ತೇನೆ ಎಂದರು. ಪೆನ್ಸಿಲ್ ಎಂದರೆ ಪುಟ್ಟಿ ಪ್ರಾಣ ಬಿಡುತ್ತಾಳೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಒಂದಕ್ಕೂ ಸುಳ್ಳು ಹೇಳದೆ ಕೂತಳು. ಎಲ್ಲ ಸರಿ. ಎಡ ತೋಳಿನ ಹತ್ತಿರ ಬಂದಾಗ ಸುಮ್ಮನೆ ಕಾಯುತ್ತಾ ಇದ್ದಳು.

"ಸಣ್ಣದು. ಬೇಗ ಬಂದಿದೀರಿ. ಏನೂ ಉಳಿಯಲ್ಲ, ಪೂರ್ತಿ ವಾಸಿಯಾಗುತ್ತೆ" ಎಂದರು ನರ್ಸು. "ಡಾಕ್ಟರ್ ಗುರುವಾರ ನೋಡ್ತಾರೆ. ಅಪ್ಪ ಅಮ್ಮ ಬರಲೇಬೇಕು. ಹೇಳ್ತೀರಾ, ನಾನ್ ಹೇಳ್ಲಾ?"

ನಾನೇ ಹೇಳುತ್ತೇನೆ ಎಂದೆ. ದಾರಿಯುದ್ದಕ್ಕೂ ಪುಟ್ಟಿ ಪೆನ್ಸಿಲ್ಲಿನ ಬಣ್ಣ ಹೊಗಳುತ್ತಾ ಬಂದಳು.

ಆಗಸ್ಟ್ 17

ತಮ್ಮ ಹೊರಗೆ ಹೋಗಿದ್ದ. ಪುಟ್ಟಿ ಕೆಳಗೆ ಆಡುತ್ತಿದ್ದಳು. ಅವನ ಹೆಂಡತಿ ಬಟ್ಟೆ ಮಡಚುತ್ತಿದ್ದಳು, ನಾನೂ ಒಂದು ತುದಿ ಹಿಡಿದುಕೊಂಡೆ. ಹೇಳಿದೆ. ಆ ಪದವನ್ನೇ ಹೇಳಿದೆ, ಸುತ್ತಿಬಳಸಲಿಲ್ಲ.

ಮೊದಲು ನಕ್ಕಳು. ಆಮೇಲೆ ಬಟ್ಟೆಯ ತುದಿ ಬಿಟ್ಟಳು.

"ನಿಮ್ಗೆ ಯಾವಾಗಿಂದ ಗೊತ್ತು?"

"ಜೂನಿಂದ."

"ಜೂನಿಂದ." ಲೆಕ್ಕ ಹಾಕಿದಳು. "ಎರಡು ತಿಂಗಳು ನನ್ ಮಗಳ ಪಕ್ಕ ಮಲಗಿದ್ರಿ. ಆಟ ಆಟ ಅಂತ ದಿನಾ ಅವಳ ಮೈ ತಡವಿ ಪರೀಕ್ಷೆ ಮಾಡಿದ್ರಿ. ಹೆತ್ತವಳು ಎರಡು ಮಾರು ದೂರದಲ್ಲಿದ್ದೆ ಅತ್ತಿಗೆ. ಒಂದು ಮಾತು ಹೇಳಲಿಲ್ಲ."

ಮನೆಯಾಕೆ, ದರ್ಜಿ, ಬೀದಿ ಎಲ್ಲ ಬಾಯಿಗೆ ಬಂತು, ಒಂದೂ ಹೊರಗೆ ಬರಲಿಲ್ಲ. ಅವಳು ಹೇಳಿದ್ದು ನಿಜ. ನಾನು ಹೆದರಿದ್ದು ಪುಟ್ಟಿಗಾಗಿ ಎಂದುಕೊಂಡಿದ್ದೆ. ಅರ್ಧ ನನಗಾಗಿ.

ಸಂಜೆ ನನ್ನ ತಟ್ಟೆ, ಲೋಟ ಬಚ್ಚಲಿನ ಪಕ್ಕ ಇದ್ದವು. ಪುಟ್ಟಿಯ ಹಾಸಿಗೆ ಆ ಕಡೆಯ ಗೋಡೆಗೆ.

ಆಗಸ್ಟ್ 22

ಅವರು ಮೂವರೇ ದವಾಖಾನೆಗೆ ಹೋಗಿ ಬಂದರು. ಪುಟ್ಟಿಗೂ ಅದೇ ಕಾಯಿಲೆ, ಆರು ತಿಂಗಳ ಮಾತ್ರೆ. ನನಗೆ ಹೇಳಿದ್ದು ಪುಟ್ಟಿ. "ಬೇರೆ ಯಾರಿಗೂ ಹೇಳ್ಬಾರ್ದಂತೆ ಅತ್ತೆ, ನಿಂಗೂ."

ಆಗಸ್ಟ್ 24

ತಮ್ಮ ಬಾಗಿಲ ಹೊರಗೆ ನಿಂತು ಮಾತಾಡಿದ. ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡುತ್ತಿದ್ದ.

"ನೀನ್ ಹೋಗು ಅಂತಲ್ಲ ಅಕ್ಕ. ಆದ್ರೆ ಮೇಲಿನೋರಿಗೆ ಗೊತ್ತಾದ್ರೆ ನಾಲ್ಕು ಜನಾನೂ ಬೀದಿಗೆ. ಇಬ್ರು ಮಾತ್ರೆ ತಗೊಳ್ಳೋದನ್ನ ಈ ಕೋಣೇಲಿ ಮುಚ್ಚಿಡಕ್ಕಾಗುತ್ತಾ? ನಿನ್ ಮುಖ ನೋಡಿದ್ರೇ..."

ಚಿಕ್ಕವನಿದ್ದಾಗ ಇವನಿಗೆ ಹೊಡೆದವರ ಮನೆಗೆ ಹೋಗಿ ಜಗಳ ಆಡಿ ಬರುತ್ತಿದ್ದೆ. ಈಗ ಯಾರ ಮನೆಗೆ ಹೋಗಿ ಜಗಳ ಆಡಲಿ? ಅವನು ಹೇಳಿದ್ದರಲ್ಲಿ ಸುಳ್ಳೇನಿದೆ?

ಆಗಸ್ಟ್ 26

ಕನ್ನಡಕದಮ್ಮನ ಮನೆಯ ಹಿಂದೆ ಒಂಟಿ ಕೋಣೆ. ಬೇರೆ ಬಾಗಿಲು. "ನಮ್ಮಣ್ಣನಿಗೆ ಅಂತ ಕಟ್ಸಿದ್ದು" ಎಂದಳು. "ಗಾಳಿ ಚೆನ್ನಾಗ್ ಬರುತ್ತೆ." ಅಣ್ಣ ವಾಸಿಯಾಗಿ ಎಷ್ಟು ದಿನಕ್ಕೆ ಒಳಮನೆಗೆ ಬಂದ ಎಂದು ಕೇಳಿದೆ. ಕನ್ನಡಕ ತೆಗೆದಳು, ಒರೆಸಿದಳು. ಆವಿ ಇರಲಿಲ್ಲ.

"ಬರಲಿಲ್ಲ. ನಾವೂ ಕರೀಲಿಲ್ಲ."

ಎರಡು ಸೀರೆ, ಹಾಸಿಗೆ, ಈ ಪುಸ್ತಕ. ಹೊರಡುವಾಗ ಪುಟ್ಟಿ ಶಾಲೆಯಲ್ಲಿದ್ದಳು. ಬೇಕೆಂದೇ ಆ ಟೈಮ್ ಇಟ್ಟುಕೊಂಡೆ.

ಸೆಪ್ಟೆಂಬರ್ 19, ಬೆಳಿಗ್ಗೆ 10.40

ದವಾಖಾನೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೈ ಸುಮ್ಮನಿರಲಾರದು. ನರ್ಸು ನನ್ನದನ್ನೂ ಇದೇ ಗುರುವಾರಕ್ಕೆ ಹಾಕಿದ್ದಾರೆ, ಅವರೂ ಬರುತ್ತಾರೆಂದು ನನಗೆ ಹೇಳಿರಲಿಲ್ಲ. ಬಂದಾಗ ತಮ್ಮನ ಹೆಂಡತಿ, ಪುಟ್ಟಿ ಆಗಲೇ ಇದ್ದರು. ಬೇರೆ ಬೆಂಚು ಇಲ್ಲ. ಒಂದು ತುದಿಗೆ ಅವರು, ಇನ್ನೊಂದು ತುದಿಗೆ ನಾನು. ಅವಳು ತನ್ನ ಚೀಲವನ್ನು ನಡುವೆ ಇಟ್ಟಳು.

ಮೂರು ವಾರಕ್ಕೂ ಹೆಚ್ಚು ನೋಡಿಲ್ಲ. ಪುಟ್ಟಿ ಸ್ವಲ್ಪ ಕಪ್ಪಗಾಗಿದ್ದಾಳೆ. ಶಾಲೆಯಲ್ಲಿ ಏನೆನ್ನುತ್ತಾರೋ.

ಈಗಷ್ಟೇ ಅವಳ ನಂಬರ್ ಆಯಿತು. ಮಾತ್ರೆ ಕೈಯಲ್ಲಿ ಹಿಡಿದುಕೊಂಡು ನುಂಗಲೊಲ್ಲಳು. ನರ್ಸು ರಮಿಸಿದರು, ಅಮ್ಮ ಗದರಿದಳು. ಕ್ಯೂ ಪೂರ್ತಿ ತಿರುಗಿ ನೋಡಿತು. ಓಡಿ ಬಂದು ಬೆಂಚಿನ ಎದುರು ನಿಂತಳು, ನನ್ನ ಎದುರು.

"ಅತ್ತೆ, ನೀನೂ ಇದನ್ನೇ ನುಂಗೋದಾ?"

"ಇದನ್ನೇ. ನಿಂದು ಚಿಕ್ಕದು, ನಂದು ದೊಡ್ಡದು."

"ನಿಂಗೂ ನಂಗೂ ಒಂದೇ ಕಾಯಿಲೆನಾ?"

"ಹೂಂ."

ಯೋಚಿಸಿದಳು. ಅಮ್ಮನ ಕಡೆ ತಿರುಗಿದಳು. "ಹಾಗಾದ್ರೆ ನಾನ್ಯಾವಾಗ ಬೇರೆ ಮನೆಗೆ ಹೋಗ್ಬೇಕು?"

ಅಳುತ್ತಿರಲಿಲ್ಲ. ಶಾಲೆ ಯಾವಾಗ ಶುರು ಎಂದು ಕೇಳಿದಂತೆ ಕೇಳಿದಳು.

ಅದಕ್ಕೆ ಉತ್ತರ ಹೇಳಬೇಕಾದವಳು ನಾನಲ್ಲ. ತಮ್ಮನ ಹೆಂಡತಿ ಮಗಳನ್ನು ನೋಡಿದಳು. "ನುಂಗು ಪುಟ್ಟಿ" ಎಂದಳು. "ನೀನೆಲ್ಲೂ ಹೋಗಲ್ಲ." ಪುಟ್ಟಿ ನುಂಗಿದಳು, ನೀರು ಕುಡಿದಳು, ನರ್ಸಿಗೆ ಬಾಯಿ ತೆರೆದು ತೋರಿಸಲು ಓಡಿದಳು.

ಈಗ ನಾವಿಬ್ಬರೇ. ಅವಳು ನನ್ನ ಕಡೆ ನೋಡುತ್ತಿಲ್ಲ. ಎದುರು ಗೋಡೆ ನೋಡುತ್ತಿದ್ದಾಳೆ, ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಇದೀಗ ನಡುವೆ ಇದ್ದ ಚೀಲ ತೆಗೆದು ನೆಲಕ್ಕಿಟ್ಟಳು. ಭಾರಕ್ಕೋ, ಏನಾದರೂ ತೆಗೆಯುವುದಕ್ಕೋ... ಏನೂ ತೆಗೆಯಲಿಲ್ಲ. ಬೆಂಚು ಖಾಲಿ ಇದೆ. ನನ್ನ ನಂಬರ್ ಕರೆಯುತ್ತಿದ್ದಾರೆ, ಎರಡನೇ ಸಲ. ನುಂಗಿ ಬಂದು ಇದೇ ತುದಿಗೆ ಕೂರಲೋ, ಇಲ್ಲ ಸ್ವಲ್ಪ ಹತ್ತಿರ...